ಸ್ವೆಟರಿನೊಳಗೆ ಸಿಕ್ಕಿಕೊಂಡ ದ್ವೀಪ: ನಾರ್ವೆಯ ‘ಗೆನ್ಸರ್’ ಎಲ್ಲಿಂದ ಬಂತು?

ನಾರ್ವೆಯವರು ಸ್ವೆಟರಿಗೆ ‘ಗೆನ್ಸರ್’ ಎನ್ನುತ್ತಾರೆ. ಪಕ್ಕದ ಸ್ವೀಡನ್ನಿನವರು ‘ತ್ರೋಯಾ’ ಎನ್ನುತ್ತಾರೆ. ಡೆನ್ಮಾರ್ಕಿನಲ್ಲಿ ‘ತ್ರೋಯೆ’, ಇಲ್ಲವೇ ಸೀದಾ ‘ಸ್ವೆಟರ್’. ಇದರಲ್ಲೇನು ವಿಶೇಷ ಅನ್ನಬಹುದು. ಆದರೆ ಈ ಮೂರು ಭಾಷೆಗಳು ಒಂದೇ ತಾಯಿಯ ಮಕ್ಕಳು. ಓಸ್ಲೋದವನೊಬ್ಬ ತನ್ನ ಭಾಷೆಯಲ್ಲೇ ಮಾತಾಡಿದರೆ ಸ್ಟಾಕ್‌ಹೋಮಿನವನಿಗೆ ಹೆಚ್ಚುಕಡಿಮೆ ಎಲ್ಲ ಅರ್ಥವಾಗುತ್ತದೆ. ಕೈ, ಕಾಲು, ಮನೆ, ಅಂಗಿ ಎಲ್ಲಕ್ಕೂ ಹೆಸರು ಒಂದೇ, ಉಚ್ಚಾರ ಮಾತ್ರ ಸ್ವಲ್ಪ ಆಚೀಚೆ. ಹಾಗಿದ್ದ ಮೇಲೆ, ಚಳಿ ದೇಶದಲ್ಲಿ ವರ್ಷದ ಅರ್ಧ ದಿನ ಮೈಮೇಲಿರುವ ಬಟ್ಟೆಗೆ ನಾರ್ವೆಯವರು ಮಾತ್ರ ಬೇರೆ ಹೆಸರು ಇಟ್ಟುಕೊಂಡಿದ್ದು ಯಾಕೆ?

‘ತ್ರೋಯೆ’ ಎಂಬ ಪದ ನಾರ್ವೆಯಲ್ಲಿ ಇಲ್ಲ ಅಂತಲ್ಲ. ಇದೆ. ಆದರೆ ಅಲ್ಲಿ ಅದು ಈಗ ಹೆಚ್ಚಾಗಿ ಒಳಗೆ ಹಾಕುವ ಬನಿಯನ್ನು, ಅಥವಾ ಫುಟ್‌ಬಾಲ್ ಆಟಗಾರರು ಹಾಕುವ ತಂಡದ ಅಂಗಿ. ಸ್ವೀಡನ್ನಿನ ಅತಿಥಿ “ಚಳಿ ಆಗ್ತಿದೆ, ಒಂದು ತ್ರೋಯಾ ಕೊಡಿ” ಎಂದರೆ ನಾರ್ವೆಯ ಮನೆಯವರು ಒಂದು ಕ್ಷಣ ಬನಿಯನ್ ಹುಡುಕಬೇಕೋ ಏನೋ ಎಂದು ಯೋಚಿಸಿಯಾರು. ಹಳೆಯ ಪದ ಒಳಗೆ ಸರಿದಿದೆ, ಹೊಸದು ಮೇಲೆ ಬಂದು ಕೂತಿದೆ. ಆ ಹೊಸದು ಬಂದದ್ದು ಎಲ್ಲಿಂದ ಎನ್ನುವುದೇ ಇಲ್ಲಿನ ಕತೆ.

ಮೊದಲು, ಬೇಗ ಹೊಳೆಯುವ ತಪ್ಪು ಉತ್ತರಗಳನ್ನು ಬದಿಗಿಡೋಣ. ಜರ್ಮನ್ ಗೊತ್ತಿದ್ದವರಿಗೆ ‘ಗಾನ್ಸ್’ ನೆನಪಾಗುತ್ತದೆ, ಅಂದರೆ ಬಾತುಕೋಳಿಯಂಥ ಹೆಬ್ಬಾತು. ಹೆಬ್ಬಾತಿನ ಪುಕ್ಕ, ಬೆಚ್ಚಗಿನ ಬಟ್ಟೆ, ಸರಿಹೋಯ್ತಲ್ಲ! ಸರಿಹೋಗಲಿಲ್ಲ. ಗೆನ್ಸರ್ ಉಣ್ಣೆಯದು, ಪುಕ್ಕದ್ದಲ್ಲ. ಹೆಬ್ಬಾತಿಗೆ ನಾರ್ವೆಯವರು ‘ಗೋಸ್’ ಎನ್ನುತ್ತಾರೆ, ಅದರಲ್ಲಿ ‘ನ’ಕಾರವೇ ಇಲ್ಲ. ಇನ್ನು ಕೆಲವರು ಕೊನೆಯ ‘ಎರ್’ ನೋಡಿ, ಇದು ‘ಮಾಡುವವ’ ಎಂಬ ಪ್ರತ್ಯಯ ಇರಬಹುದು ಎನ್ನುತ್ತಾರೆ, ಇಂಗ್ಲಿಷಿನ ‘ಸ್ವೆಟರ್’ ಇದ್ದ ಹಾಗೆ. ಅಂದ ಹಾಗೆ ಇಂಗ್ಲಿಷಿನಲ್ಲಿ ಸ್ವೆಟರ್ ಎಂದರೆ ಅಕ್ಷರಶಃ ‘ಬೆವರಿಸುವುದು’. 19ನೇ ಶತಮಾನದಲ್ಲಿ ಓಟಗಾರರು, ದೋಣಿ ಹುಟ್ಟು ಹಾಕುವವರು ಬೆವರು ಹರಿಸಿ ತೂಕ ಇಳಿಸಲಿಕ್ಕೆ ಹಾಕುತ್ತಿದ್ದ ದಪ್ಪ ಅಂಗಿ ಅದು. ನಾವು ಚಳಿಗಾಲದಲ್ಲಿ ಬೆಚ್ಚಗಿರಲಿಕ್ಕೆ ‘ಬೆವರಿಸುವುದನ್ನು’ ಹಾಕಿಕೊಳ್ಳುತ್ತೇವೆ. ಆದರೆ ನಾರ್ವೆ ಭಾಷೆಯಲ್ಲಿ ‘ಗೆನ್ಸ್’ ಎಂಬ ಕ್ರಿಯಾಪದವೇ ಇಲ್ಲ. ಇಲ್ಲದ ಕೆಲಸವನ್ನು ಮಾಡುವವನು ಎಲ್ಲಿಂದ ಬರಬೇಕು?

ಪದದ ಮೂಲ ಹುಡುಕುವವರು ಕಿವಿಗೆ ಒಂದೇ ಥರ ಕೇಳಿಸಿತು ಎಂದು ಒಪ್ಪಿಕೊಳ್ಳುವುದಿಲ್ಲ. ಆ ವಸ್ತು ಎಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಆ ದಾರಿಯಲ್ಲಿ ಬೇರೆ ಭಾಷೆಯವರೂ ಅದೇ ಪದವನ್ನು ಎತ್ತಿಕೊಂಡಿದ್ದಾರಾ ಎಂದು ನೋಡುತ್ತಾರೆ. ಗೆನ್ಸರ್ ವಿಷಯದಲ್ಲಿ ಈ ಎಲ್ಲ ಹೆಜ್ಜೆಗುರುತೂ ಒಂದೇ ಕಡೆ ಹೋಗುತ್ತವೆ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲ್ಗಾಲುವೆಯಲ್ಲಿ, ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಹತ್ತಿರವಾಗಿರುವ ಗರ್ನ್ಸಿ ಎಂಬ ದ್ವೀಪಕ್ಕೆ.

ಗರ್ನ್ಸಿ ಸಣ್ಣ ದ್ವೀಪ. ಸುಮಾರು 65 ಚದರ ಕಿಲೋಮೀಟರ್. ನಮ್ಮ ಬೆಂಗಳೂರಿನ ಹತ್ತನೇ ಒಂದು ಭಾಗವೂ ಇಲ್ಲ. ಅದರ ಅಕ್ಕಪಕ್ಕದ ದ್ವೀಪಗಳಲ್ಲಿ ದೊಡ್ಡದು ಜರ್ಸಿ. ಹೌದು, ಅದೇ ಜರ್ಸಿ. ನಮ್ಮ ಹಳ್ಳಿಗಳಲ್ಲಿ “ಜರ್ಸಿ ಕಟ್ಟಿದೀವಿ, ಹೊತ್ತಿಗೆ ಹತ್ತು ಲೀಟರ್ ಕೊಡತ್ತೆ” ಎನ್ನುತ್ತಾರಲ್ಲ, ಆ ಹಸುವಿನ ತಳಿ ಆ ದ್ವೀಪದ್ದು. ಕ್ರಿಕೆಟ್ ಆಟಗಾರರ ಬೆನ್ನ ಮೇಲೆ ನಂಬರ್ ಬರೆದಿರುವ ‘ಜರ್ಸಿ’ಯೂ ಆ ದ್ವೀಪದ್ದೇ ಹೆಸರು. ಹಾಲು ಕರೆಯುವವರಿಗೂ ಆರ್‌ಸಿಬಿ ಜರ್ಸಿ ಹಾಕಿ ಕುಣಿಯುವವರಿಗೂ ಒಂದೇ ಊರು ಸಂಬಂಧ! ಗರ್ನ್ಸಿಗೂ ತನ್ನದೇ ಹಸುವಿನ ತಳಿ ಇದೆ, ತನ್ನದೇ ಅಂಗಿಯೂ ಇದೆ. ಹಸು ಇಲ್ಲಿಗೆ ಬೇಡ, ಅಂಗಿಯನ್ನು ಹಿಡಿದು ಹೋಗೋಣ.

ಈ ಎರಡು ದ್ವೀಪಗಳ ಜನ 16ನೇ ಶತಮಾನದ ಹೊತ್ತಿಗೆ ಹೆಣಿಗೆಗೆ ಹೆಸರಾಗಿದ್ದರು. ಇಂಗ್ಲೆಂಡಿನಿಂದ ಉಣ್ಣೆ ತರಿಸಿಕೊಳ್ಳಲಿಕ್ಕೆ ಅವರಿಗೆ ರಾಜನ ಅಪ್ಪಣೆ ಇತ್ತು. ಅವರು ಹೆಣೆಯುತ್ತಿದ್ದುದು ಮುಖ್ಯವಾಗಿ ಉದ್ದ ಕಾಲುಚೀಲ. ಅದಕ್ಕೂ ಮೊದಲು ಯುರೋಪಿನಲ್ಲಿ ಕಾಲುಚೀಲವನ್ನು ಬಟ್ಟೆ ಕತ್ತರಿಸಿ ಹೊಲಿಯುತ್ತಿದ್ದರು. ಮಂಡಿಯ ಹತ್ತಿರ ಸುಕ್ಕು, ಹಿಮ್ಮಡಿಯ ಹತ್ತಿರ ಸಡಿಲ. ಹೆಣೆದದ್ದು ಹಾಗಲ್ಲ, ಕುಣಿಕೆಯೊಳಗೆ ಕುಣಿಕೆ ಇರುವುದರಿಂದ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕಾಲಿಗೆ ಅಂಟಿಕೊಳ್ಳುತ್ತದೆ. ಶ್ರೀಮಂತರೆಲ್ಲ ಅದಕ್ಕೆ ಮುಗಿಬಿದ್ದರು. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು 1587ರಲ್ಲಿ ಶಿರಚ್ಛೇದ ಮಾಡಿದಾಗ ಅಲ್ಲಿದ್ದವರೊಬ್ಬರು ಅವಳ ಉಡುಪನ್ನೆಲ್ಲ ಒಂದೊಂದಾಗಿ ಬರೆದಿಟ್ಟಿದ್ದಾರೆ. ಅದರಲ್ಲಿ ಬಿಳಿಯ ಜರ್ಸಿ ಕಾಲುಚೀಲವೂ ಇದೆ. ಸಾಯುವ ಹೊತ್ತಿಗೂ ಕಾಲಿಗೆ ಅದೇ ಬೇಕಿತ್ತು!

ಹೆಣಿಗೆಯಲ್ಲಿ ಎಷ್ಟು ಕಾಸು ಬರುತ್ತಿತ್ತು ಎಂದರೆ ಹೊಲದ ಕೆಲಸಕ್ಕೆ ಆಳು ಸಿಗದ ಹಾಗಾಯಿತು. ಗಂಡಸರೂ ಕಡ್ಡಿ ಹಿಡಿದು ಕೂತರು. ಕೊನೆಗೆ 1608ರಲ್ಲಿ ಜರ್ಸಿಯಲ್ಲಿ ಒಂದು ಕಾನೂನೇ ಬಂತು: ಸುಗ್ಗಿಯ ಕಾಲದಲ್ಲಿ, ಮತ್ತು ಹೊಲಕ್ಕೆ ಗೊಬ್ಬರವಾಗಿ ಕಡಲ ಪಾಚಿ ಎತ್ತುವ ಕಾಲದಲ್ಲಿ, 15 ವರ್ಷ ದಾಟಿದವರು ಯಾರೂ ಕಾಲುಚೀಲ ಹೆಣೆಯುವಂತಿಲ್ಲ. ಹೆಣೆದು ಸಿಕ್ಕಿಬಿದ್ದರೆ ಜೈಲು, ಊಟಕ್ಕೆ ಬರೀ ಬ್ರೆಡ್ಡು ನೀರು. ಸ್ವೆಟರ್ ಹೆಣೆಯುವುದೆಂದರೆ ಬಿಡುವಿನ ಹೊತ್ತಿನ ಹವ್ಯಾಸ ಎಂದುಕೊಂಡಿರುವ ನಮಗೆ ಇದು ತಮಾಷೆಯಾಗಿ ಕಾಣುತ್ತದೆ. ಅವರಿಗೆ ಅದು ಆಗಿನ ಕಾಲದ ಐಟಿ ಕೆಲಸ ಇದ್ದ ಹಾಗೆ.

ಕಾಲುಚೀಲ ಅಂದರೆ ಒಂದು ಕೊಳವೆ, ಅಷ್ಟೇ. ನಾಲ್ಕೈದು ಕಡ್ಡಿ ಹಿಡಿದು ಸುತ್ತ ಸುತ್ತ ಹೆಣೆಯುತ್ತ ಹೋದರೆ ಹೊಲಿಗೆಯೇ ಇಲ್ಲದ ಕೊಳವೆ ಬರುತ್ತದೆ. ಅದನ್ನೇ ಎದೆಯಗಲಕ್ಕೆ ದೊಡ್ಡದು ಮಾಡಿ, ಎರಡು ತೋಳು ಕೂಡಿಸಿದರೆ ಅಂಗಿ. ದ್ವೀಪದ ಮೀನುಗಾರರಿಗೆ ಮನೆಯ ಹೆಂಗಸರು ಹೆಣೆದುಕೊಟ್ಟದ್ದು ಇದನ್ನೇ.

ಗರ್ನ್ಸಿ ಅಂಗಿಯನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿದರೆ ಅದರ ಒಂದೊಂದು ಭಾಗವೂ ಸಮುದ್ರದ ಕೆಲಸ ಬಲ್ಲವರು ಯೋಚಿಸಿದ್ದು ಎಂದು ಗೊತ್ತಾಗುತ್ತದೆ. ಬಣ್ಣ ಕಡುನೀಲಿ. ನೂಲು ಐದೆಳೆಯದು, ಗಟ್ಟಿಯಾಗಿ ಹುರಿ ಮಾಡಿದ್ದು. ಈ ನೂಲಿಗೆ ಉಣ್ಣೆಯ ಉದ್ದ ಎಳೆಗಳನ್ನೇ ಆರಿಸಿ, ಬಾಚಿ, ಒಂದೇ ದಿಕ್ಕಿಗೆ ಮಲಗಿಸಿ ನೂತಿರುತ್ತಾರೆ. ಹಾಗಾಗಿ ಮುಟ್ಟಿದರೆ ಮೆತ್ತಗಿಲ್ಲ, ಸ್ವಲ್ಪ ಒರಟು. ಹೆಣಿಗೆ ಎಷ್ಟು ಬಿಗಿ ಎಂದರೆ ಅಲೆಯ ತುಂತುರು ಬಿದ್ದರೆ ಒಳಗೆ ಇಳಿಯದೆ ಜಾರುತ್ತದೆ. ನೆನೆದರೂ ಚಿಂತೆಯಿಲ್ಲ, ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ.

ಮುಂದೆ ಹಿಂದೆ ಎಂಬ ಭೇದವಿಲ್ಲ, ಎರಡೂ ಕಡೆ ಒಂದೇ ಥರ. ಕತ್ತಲಲ್ಲಿ ಎದ್ದು ದೋಣಿಗೆ ಓಡುವವನು ಹೇಗೆ ಹಾಕಿಕೊಂಡರೂ ಸರಿ. ಮೊಣಕೈ ಸವೆಯುತ್ತ ಬಂತೆಂದರೆ ತಿರುಗಿಸಿ ಹಾಕಿಕೊಳ್ಳಬಹುದು. ಕಂಕುಳಲ್ಲಿ ವಜ್ರಾಕಾರದ ಒಂದು ತುಂಡು ಕೂಡಿಸಿರುತ್ತಾರೆ. ಬಲೆ ಎಳೆಯಲು ಕೈ ಮೇಲೆತ್ತಿದರೆ ಅಂಗಿ ಸೊಂಟ ಬಿಟ್ಟು ಮೇಲೇಳಬಾರದಲ್ಲ, ಅದಕ್ಕೆ. ಕೆಳಗಡೆ ಎರಡೂ ಪಕ್ಕ ಸಣ್ಣ ಸೀಳು. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ತೋಳು. ಭುಜದಿಂದ ಶುರುಮಾಡಿ ಮಣಿಕಟ್ಟಿನ ಕಡೆಗೆ ಹೆಣೆಯುತ್ತಾರೆ. ಯಾಕೆಂದರೆ ಮೊದಲು ಹರಿಯುವುದು ಮಣಿಕಟ್ಟಿನ ಅಂಚು. ಕೊನೆಗೆ ಹೆಣೆದದ್ದು ಅದೇ ಆಗಿದ್ದರೆ ಅಷ್ಟನ್ನು ಮಾತ್ರ ಬಿಚ್ಚಿ ಹೊಸ ನೂಲಿನಲ್ಲಿ ಮತ್ತೆ ಹೆಣೆದರಾಯಿತು, ಇಡೀ ಅಂಗಿ ಎಸೆಯಬೇಕಿಲ್ಲ. ಭುಜದ ಮೇಲಿನ ಉಬ್ಬು ಗೆರೆ ಹಡಗಿನ ಹಗ್ಗ, ತೋಳಿನ ಮೇಲಿನ ಗೀರುಗಳು ಹಗ್ಗದ ಏಣಿ, ಕೆಳಗಿನ ಅಂಚು ದಡಕ್ಕೆ ಬಡಿಯುವ ಅಲೆ ಎಂದು ದ್ವೀಪದವರು ಹೇಳುತ್ತಾರೆ.

ಇಲ್ಲೊಂದು ಮಾತು. ಇಂಥ ಅಂಗಿಗಳ ಬಗ್ಗೆ ಎಲ್ಲಿ ಓದಿದರೂ, “ಮುಳುಗಿ ಸತ್ತ ಮೀನುಗಾರ ಯಾವ ಊರಿನವನು ಎಂದು ಸ್ವೆಟರಿನ ಡಿಸೈನು ನೋಡಿ ಗುರುತಿಸುತ್ತಿದ್ದರು” ಎಂಬ ಕತೆ ಬರುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅದಕ್ಕೆ ಗಟ್ಟಿ ಆಧಾರವಿಲ್ಲ. 1904ರ ಒಂದು ಐರಿಷ್ ನಾಟಕದಲ್ಲಿ ಅಣ್ಣನ ಕಾಲುಚೀಲದಲ್ಲಿ ಬಿಟ್ಟುಹೋದ ಕುಣಿಕೆಗಳನ್ನು ಎಣಿಸಿ ತಂಗಿ ಅವನ ಸಾವನ್ನು ಖಚಿತಮಾಡಿಕೊಳ್ಳುವ ದೃಶ್ಯವಿದೆ. ಸ್ವೆಟರಿನ ಕತೆಗೆ ಕಾಲು ಬಂದದ್ದರಲ್ಲಿ ಆ ನಾಟಕದ ಪಾಲು ದೊಡ್ಡದು. ಡಿಸೈನುಗಳು ಊರಿಂದೂರಿಗೆ ಧಾರಾಳವಾಗಿ ಓಡಾಡುತ್ತಿದ್ದವು. ಚೆನ್ನಾಗಿ ಕಂಡದ್ದನ್ನು ನೋಡಿ ಹೆಣೆದುಕೊಳ್ಳದ ಕೈ ಯಾವ ದೇಶದಲ್ಲಿದೆ?

ಸರಿ, ಅಂಗಿ ಆಯಿತು. ಹೆಸರು ಹೇಗಾಯಿತು? ಇದು ನಮಗೆ ಹೊಸದಲ್ಲ. “ಇಳಕಲ್ ಉಟ್ಟುಕೊಂಡು ಬಂದಿದ್ದಳು” ಎಂದರೆ ಯಾರೂ ಊರನ್ನೇ ಉಟ್ಟಳಾ ಎಂದು ಕೇಳುವುದಿಲ್ಲ. ಇಳಕಲ್ ಸೀರೆ ಎನ್ನುವುದರಲ್ಲಿ ಸೀರೆ ಬಿದ್ದುಹೋಗಿ ಊರು ಉಳಿಯುತ್ತದೆ. ಇಂಗ್ಲಿಷಿನವರೂ ಮೊದಲು ‘ಗರ್ನ್ಸಿ ಫ್ರಾಕ್’ ಎನ್ನುತ್ತಿದ್ದರು. ಫ್ರಾಕ್ ಎಂದರೆ ಆಗ ಕೆಲಸಗಾರರ ಮೇಲಂಗಿ. 19ನೇ ಶತಮಾನದಲ್ಲಿ ಅದು ಬರೀ ‘ಗರ್ನ್ಸಿ’ ಆಯಿತು. ಇಂಗ್ಲೆಂಡಿನ ಉದ್ದ ಪ್ಯಾಂಟಿನ ಕಾಲದಲ್ಲಿ ಉದ್ದ ಕಾಲುಚೀಲಕ್ಕೆ ಬೆಲೆ ಹೋಗಿತ್ತು, ಆದರೆ ಈ ಅಂಗಿಗೆ ಹಡಗುಕಟ್ಟೆಗಳಲ್ಲೆಲ್ಲ ಗಿರಾಕಿ.

ಹಡಗಿನವರ ಬಾಯಿಗೆ ಬಿದ್ದ ಪದ ಅಕ್ಷರ ನೋಡಿಕೊಂಡು ಓಡಾಡುವುದಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡಲಂಚಿನಲ್ಲೂ ಸ್ಕಾಟ್ಲೆಂಡಿನಲ್ಲೂ ಅದು ‘ಗ್ಯಾನ್ಸಿ’ ಆಯಿತು. ನಡುವಿನ ‘ರ’ಕಾರ ಮಾಯ. ಐರಿಷ್ ಭಾಷೆಯಲ್ಲಿ ಸ್ವೆಟರಿಗೆ ಇವತ್ತಿಗೂ ‘ಗ್ಯಾನ್ಸಿ’ಯೇ, ಅವರದೇ ಕಾಗುಣಿತದಲ್ಲಿ. ಶಾಲೆಗೆ ಹೋಗುವ ಐರಿಷ್ ಮಗುವಿಗೆ ಅದು ಒಂದು ದ್ವೀಪದ ಹೆಸರು ಎಂಬ ಸುಳಿವೂ ಇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಅವರ ಫುಟ್‌ಬಾಲ್ ತಂಡದ ಅಂಗಿಗೆ ‘ಗರ್ನ್ಸಿ’ ಎನ್ನುತ್ತಾರೆ. “ಅವನಿಗೆ ಗರ್ನ್ಸಿ ಸಿಕ್ಕಿತು” ಎಂದರೆ ತಂಡಕ್ಕೆ ಆಯ್ಕೆಯಾದ ಎಂದರ್ಥ. ನಾರ್ವೆಯ ‘ಗೆನ್ಸರ್’ ಈ ಮನೆತನದ್ದೇ ಇನ್ನೊಂದು ಮಗು. ಗ್ಯಾನ್ಸಿ, ಗ್ಯಾನ್ಸಿ, ಗೆನ್ಸರ್. ಅಕ್ಕಪಕ್ಕ ನಿಲ್ಲಿಸಿದರೆ ಮುಖಚರ್ಯೆ ಕಾಣುತ್ತದೆ.

ನಾರ್ವೆಗೆ ಇದನ್ನು ಹೊತ್ತು ತಂದವರು ಯಾರು ಎಂದು ಊಹಿಸುವುದು ಕಷ್ಟವಲ್ಲ. ಬ್ರಿಟನ್ನಿಗೆ ಪರದೇಶದ ಹಡಗುಗಳು ಸರಕು ಸಾಗಿಸುವುದನ್ನು ಕಟ್ಟಿಹಾಕಿದ್ದ ಹಳೆಯ ಕಾನೂನುಗಳು 1849ರಲ್ಲಿ ರದ್ದಾದವು. ನಾರ್ವೆಯವರಿಗೆ ಬಾಗಿಲು ತೆರೆದ ಹಾಗಾಯಿತು. ಅವರ ಹತ್ತಿರ ಕಾಡಿತ್ತು, ಕಾಡಿದ್ದುದರಿಂದ ಹಡಗು ಕಟ್ಟುವ ಮರ ಇತ್ತು, ಕಡಲಿಗೆ ಹೆದರದ ಹುಡುಗರಿದ್ದರು. ಮರ, ಮೀನು ತುಂಬಿಕೊಂಡು ಬ್ರಿಟನ್ನಿನ ಬಂದರುಗಳಿಗೆ ಹೋಗುವುದು, ಕಲ್ಲಿದ್ದಲು ತುಂಬಿಕೊಂಡು ಬರುವುದು. 1880ರ ಹೊತ್ತಿಗೆ ನಾರ್ವೆಯ ವ್ಯಾಪಾರಿ ಹಡಗುಪಡೆ ಜಗತ್ತಿನಲ್ಲಿ ಮೂರನೆಯದು, ಬ್ರಿಟನ್ ಮತ್ತು ಅಮೆರಿಕ ಬಿಟ್ಟರೆ ಅವರೇ. ಅಷ್ಟು ಸಣ್ಣ ದೇಶ! ಬಂದರಿನ ಅಂಗಡಿಯಲ್ಲಿ ಇಂಗ್ಲಿಷ್ ನಾವಿಕ ಹಾಕಿಕೊಂಡದ್ದನ್ನೇ ಇವನೂ ಕೊಂಡು, ಅವನು ಕರೆದ ಹೆಸರನ್ನೇ ಕಿವಿಯಲ್ಲಿಟ್ಟುಕೊಂಡು ಊರಿಗೆ ಬಂದರೆ ಆಶ್ಚರ್ಯವೇನು? ಡೆನ್ಮಾರ್ಕಿನವರೂ ಸ್ವೀಡನ್ನಿನವರೂ ತಮ್ಮ ಹಳೆಯ ತ್ರೋಯೆ, ತ್ರೋಯಾಗಳನ್ನೇ ಇಟ್ಟುಕೊಂಡರು.

ಕಿವಿಯಿಂದ ಕಿವಿಗೆ ಬಂದ ಪದ ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ನಾರ್ವೆಯಲ್ಲಿ ಬಿಸ್ಕತ್ತಿಗೆ ‘ಶೆಕ್ಸ್’ ಎನ್ನುತ್ತಾರೆ. ಅದು ಇಂಗ್ಲಿಷಿನ ‘ಕೇಕ್ಸ್’. ಬಹುವಚನದ ‘ಸ್’ ಅನ್ನೂ ಸೇರಿಸಿ ನುಂಗಿ, ಒಂದೇ ಒಂದು ಬಿಸ್ಕತ್ತಿಗೂ ಶೆಕ್ಸ್ ಎನ್ನುತ್ತಾರೆ. ನಗಬೇಡಿ, ನಾವು “ಒಂದು ಸಾಕ್ಸ್ ಕಾಣ್ತಿಲ್ಲ” ಎನ್ನುವುದಿಲ್ವಾ?

ಹಾಗೆಯೇ ಗೆನ್ಸರಿನ ಕೊನೆಯ ‘ಎರ್’. ಗರ್ನ್ಸಿಯಲ್ಲಿ ಕೊನೆಗೆ ‘ಇ’ ಇತ್ತು, ‘ಎರ್’ ಆದದ್ದು ಹೇಗೆ? ನನಗನ್ನಿಸುವ ಹಾಗೆ, ನಾವು ಬಸ್, ಕಾರ್, ಬ್ಯಾಗ್ ಎಂಬ ಪದಗಳಿಗೆ ಒಂದು ‘ಉ’ ಹಚ್ಚಿ ಬಸ್ಸು, ಕಾರು, ಬ್ಯಾಗು ಮಾಡಿ ಮನೆಯೊಳಗೆ ಸೇರಿಸಿಕೊಳ್ಳುವ ಹಾಗೆಯೇ ಅದು. ನಾರ್ವೆ ಭಾಷೆಯಲ್ಲಿ ‘ಎರ್’ ಎಂದು ಮುಗಿಯುವ ನಾಮಪದಗಳು ರಾಶಿರಾಶಿ. ಆ ಅಚ್ಚಿಗೆ ಬಿದ್ದರೆ ಪದಕ್ಕೆ ಪ್ರತ್ಯಯ, ವಚನ ಹಚ್ಚುವುದು ಸಲೀಸು. ಒಂದು ಸ್ವೆಟರ್ ‘ಎನ್ ಗೆನ್ಸರ್’, ಆ ಸ್ವೆಟರ್ ‘ಗೆನ್ಸರೆನ್’, ಹಲವಾದರೆ ‘ಗೆನ್ಸರೆ’. ನಾರ್ವೆಯ ಇನ್ನೊಂದು ಬರಹ ರೂಪವಾದ ನ್ಯೂನೋರ್ಸ್ಕ್ ಹಳ್ಳಿಗಳ ಆಡುಮಾತಿನಿಂದ ಕಟ್ಟಿದ್ದು. ಅಲ್ಲೂ ‘ಗೆನ್ಸರಾರ್’ ಎಂದು ತನ್ನದೇ ಬಹುವಚನ ಹಚ್ಚಿಕೊಂಡು ಆರಾಮಾಗಿ ಕೂತಿದೆ. ಇಂಗ್ಲಿಷಿನ ವಾಸನೆಯೇ ಇಲ್ಲ.

ಇಲ್ಲಿಗೆ ಕತೆ ಮುಗಿಯಬಹುದಿತ್ತು: ಇಂಗ್ಲಿಷಿನಿಂದ ಬಂದ ಪದ, ಮೂಲ ಒಂದು ದ್ವೀಪದ ಹೆಸರು. ಆದರೆ ನಾನು ಇದನ್ನು ಬರೆಯಲು ಕೂತದ್ದೇ ಇನ್ನೊಂದು ಮೆಟ್ಟಿಲು ಕೆಳಗಿಳಿಯಲಿಕ್ಕೆ. ಗರ್ನ್ಸಿ ಎಂಬ ಹೆಸರನ್ನು ಆ ದ್ವೀಪಕ್ಕೆ ಇಟ್ಟವರು ಯಾರು?

ಗರ್ನ್ಸಿ, ಜರ್ಸಿ, ಪಕ್ಕದಲ್ಲೇ ಇರುವ ಆಲ್ಡರ್ನಿ. ಇಂಗ್ಲೆಂಡಿನ ಪಶ್ಚಿಮಕ್ಕೆ ಲಂಡಿ, ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ. ಎಲ್ಲವೂ ದ್ವೀಪಗಳು, ಎಲ್ಲದರ ಬಾಲವೂ ‘ಇ’. ಇದು ಕಾಕತಾಳೀಯವಲ್ಲ. ವೈಕಿಂಗರು, ಅಂದರೆ ಈಗಿನ ನಾರ್ವೆ, ಡೆನ್ಮಾರ್ಕ್, ಸ್ವೀಡನ್ ಕಡೆಯ ಹಳೆಯ ಕಾಲದ ಕಡಲಿಗರು, ಆಡುತ್ತಿದ್ದ ಹಳೆಯ ನೋರ್ಸ್ ಭಾಷೆಯಲ್ಲಿ ದ್ವೀಪಕ್ಕೆ ‘ಎಯ್’ ಎಂದು ಹೆಸರು. ಲಂಡಿ ಎಂದರೆ ‘ಲುಂಡಿ’ ಎಂಬ ಕಡಲಹಕ್ಕಿಯ ದ್ವೀಪ. ಗರ್ನ್ಸಿಯ ಬಾಲವೂ ಅದೇ ‘ಎಯ್’ ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ತಲೆಯ ಭಾಗದ ಬಗ್ಗೆ ಮಾತ್ರ ಒಮ್ಮತವಿಲ್ಲ. ಅದು ಒಬ್ಬ ಮನುಷ್ಯನ ಹೆಸರು ಎನ್ನುವವರಿದ್ದಾರೆ, ‘ಹಸಿರು’ ಎನ್ನುವವರೂ ಇದ್ದಾರೆ. ನಮಗೆ ಬೇಕಾದದ್ದು ಬಾಲ ಮಾತ್ರ.

ವೈಕಿಂಗರು 9ನೇ ಶತಮಾನದಿಂದ ಆ ಕಡಲಲ್ಲಿ ಲೂಟಿಗೆ ಅಲೆಯುತ್ತಿದ್ದವರು. 911ರಲ್ಲಿ ಫ್ರಾನ್ಸಿನ ರಾಜ, ಇವರ ಕಾಟ ತಾಳಲಾರದೆ, ಅವರ ನಾಯಕ ರೋಲೋಗೆ ಸೀನ್ ನದಿಯ ಅಳಿವೆಯ ಸುತ್ತಲಿನ ನೆಲವನ್ನೇ ಬಿಟ್ಟುಕೊಟ್ಟ. ಬಡಗಣ ಮಂದಿಯ ನಾಡು ಎಂಬ ಅರ್ಥದಲ್ಲಿ ಅದು ನಾರ್ಮಂಡಿ ಆಯಿತು. 933ರಲ್ಲಿ ಈ ದ್ವೀಪಗಳೂ ಅದಕ್ಕೆ ಸೇರಿದವು. ರೋಲೋ ಡೆನ್ಮಾರ್ಕಿನವನೋ ನಾರ್ವೆಯವನೋ ಎಂದು ಎರಡೂ ದೇಶದವರು ಇಂದಿಗೂ ಎಳೆದಾಡುತ್ತಾರೆ. ಐಸ್‌ಲ್ಯಾಂಡಿನ ಹಳೆಯ ಗದ್ಯಕತೆಗಳು ಅವನನ್ನು ನಾರ್ವೆಯ ಪಶ್ಚಿಮ ಕರಾವಳಿಯ ಮೋರೆ ಎಂಬಲ್ಲಿಯವನು ಎನ್ನುತ್ತವೆ. ಅಲ್ಲಿನ ಓಲೆಸುಂಡ್ ಪಟ್ಟಣದಲ್ಲಿ ಅವನ ಪ್ರತಿಮೆಯೂ ಇದೆ, 1911ರಲ್ಲಿ ನಾರ್ಮಂಡಿಯ ರುವಾನ್ ಪಟ್ಟಣದವರು ಕೊಟ್ಟದ್ದು. ನನ್ನ ಮಟ್ಟಿಗೆ ಈ ಜಗಳ ದೊಡ್ಡದಲ್ಲ. ಆಗ ಇಬ್ಬರ ಭಾಷೆಯೂ ಹೆಚ್ಚುಕಡಿಮೆ ಒಂದೇ.

ಒಂದೆರಡು ತಲೆಮಾರಿನಲ್ಲೇ ನಾರ್ಮಂಡಿಗೆ ಬಂದವರ ಮಕ್ಕಳು ಫ್ರೆಂಚ್ ಮಾತಾಡತೊಡಗಿದರು. ಅಮ್ಮಂದಿರು ಆ ಸೀಮೆಯವರೇ ಅಲ್ವಾ. ಭಾಷೆ ಹೋಯಿತು, ಊರಿನ ಹೆಸರುಗಳು ಉಳಿದವು. 1204ರಲ್ಲಿ ಇಂಗ್ಲೆಂಡಿನ ರಾಜ ಜಾನ್ ನಾರ್ಮಂಡಿಯ ನೆಲವನ್ನು ಕಳೆದುಕೊಂಡ, ಆದರೆ ಕಡಲಲ್ಲಿದ್ದ ದ್ವೀಪಗಳು ಅವನ ಕಡೆಯೇ ಉಳಿದವು. ಇವತ್ತಿಗೂ ಅವು ಬ್ರಿಟಿಷ್ ಅರಸೊತ್ತಿಗೆಗೆ ಸೇರಿವೆ, ಆದರೆ ಯುನೈಟೆಡ್ ಕಿಂಗ್‌ಡಮ್ಮಿನ ಭಾಗವಲ್ಲ. ಫ್ರಾನ್ಸಿನ ಕಣ್ಣಳತೆಯಲ್ಲಿ, ಫ್ರೆಂಚ್ ನುಡಿಯುವ ಜನ, ನೋರ್ಸ್ ಹೆಸರಿನ ದ್ವೀಪದಲ್ಲಿ, ಇಂಗ್ಲೆಂಡಿನ ಉಣ್ಣೆಯಲ್ಲಿ ಕಾಲುಚೀಲ ಹೆಣೆದು ಮಾರುತ್ತಿದ್ದರು. ಆ ಹೆಸರೇ ಅಂಗಿಗೆ ಹತ್ತಿತು. ಅಂಗಿ ಹಡಗು ಹತ್ತಿತು.

ಈಗ ನಾರ್ವೆ ಭಾಷೆಯಲ್ಲಿ ದ್ವೀಪಕ್ಕೆ ಏನೆನ್ನುತ್ತಾರೆ? ‘ಓಯ್’. ನಮಗೆ ಯಾರನ್ನೋ ಕೂಗಿ ಕರೆದ ಹಾಗೆ ಕೇಳಿಸುತ್ತದೆ. ಅದು ಅದೇ ಹಳೆಯ ‘ಎಯ್’ನ ಇವತ್ತಿನ ರೂಪ. ಅಂದರೆ ಸುಮಾರು ಸಾವಿರ ವರ್ಷದ ಹಿಂದೆ ಬಡಗಣ ನಾಡಿನಿಂದ ಹಡಗಿನಲ್ಲಿ ಹೋದ ಪದ ನಾರ್ಮನ್ನರ ಬಾಯಲ್ಲಿ ಇದ್ದು, ಇಂಗ್ಲಿಷರ ಬಾಯಿಗೆ ಬಂದು, ಮತ್ತೆ ಹಡಗಿನಲ್ಲೇ ನಾರ್ವೆಗೆ ಮರಳಿತು. ಮರಳುವ ಹೊತ್ತಿಗೆ ಎಷ್ಟು ಸವೆದಿತ್ತೆಂದರೆ ಮನೆಯವರಿಗೆ ಗುರುತೇ ಹತ್ತಲಿಲ್ಲ. ದ್ವೀಪ ಎಂಬ ಅರ್ಥ ಹೊತ್ತಿದ್ದ ಬಾಲವನ್ನೇ ಅವರು ಕತ್ತರಿಸಿ ‘ಎರ್’ ಹಚ್ಚಿಬಿಟ್ಟರು. ತಮ್ಮದೇ ಪದವನ್ನು ಪರದೇಶದ್ದೆಂದು ಸಾಲ ತಂದು, ಅದರಲ್ಲಿ ತಮ್ಮದಾಗಿದ್ದ ತುಣುಕನ್ನೇ ಎಸೆದು, ಮಿಕ್ಕದ್ದನ್ನು ಇಟ್ಟುಕೊಂಡರು! ಪದಗಳ ಬಗ್ಗೆ ಎಷ್ಟೋ ಓದಿದ್ದೇನೆ, ಇಂಥ ತಮಾಷೆ ಅಪರೂಪ.

ಈ ಉತ್ತರ ಸಮುದ್ರದ ಎರಡು ದಡಗಳ ನಡುವೆ ಬಟ್ಟೆಯ ಪದಗಳು ಹೀಗೆ ಹೋಗಿ ಬರುವುದು ಹೊಸದೂ ಅಲ್ಲ. ಹಳೆಯ ನೋರ್ಸಿನಲ್ಲಿ ಮೇಲಂಗಿಗೆ ‘ಸ್ಕಿರ್ತಾ’ ಎನ್ನುತ್ತಿದ್ದರು. ಅದೇ ಬೇರಿನಿಂದ ಹಳೆಯ ಇಂಗ್ಲಿಷಿನಲ್ಲಿ ಹುಟ್ಟಿದ ಪದ ಈಗಿನ ‘ಶರ್ಟ್’. ಇಂಗ್ಲಿಷಿನಲ್ಲಿ ಹಳೆಯ ‘ಸ್ಕ’ ಎಲ್ಲ ‘ಶ’ ಆಗಿತ್ತು. ಅಲ್ಲಿಗೆ ವೈಕಿಂಗರು ತಮ್ಮ ಸ್ಕಿರ್ತಾ ಹಾಕಿಕೊಂಡು ಬಂದರು. ಇಂಗ್ಲಿಷರು ಅದನ್ನೂ ಇಟ್ಟುಕೊಂಡರು, ಆದರೆ ಮೇಲಂಗಿಗೆ ಆಗಲೇ ಪದ ಇತ್ತಲ್ಲ, ಹಾಗಾಗಿ ಹೊಸದು ನಿಧಾನವಾಗಿ ಸೊಂಟದ ಕೆಳಗಿಳಿದು ‘ಸ್ಕರ್ಟ್’ ಆಯಿತು. ಅಂಗಿ ಲಂಗವಾಯಿತು! ನಾರ್ವೆಯಲ್ಲಿ ಆ ಪದ ಇವತ್ತಿಗೂ ಶರ್ಟೇ, ಆದರೆ ಈಗ ಅವರ ಬಾಯಲ್ಲೂ ‘ಸ್ಕ’ ಹೋಗಿ ‘ಶುರ್ಟೆ’ ಎನ್ನಿಸುತ್ತದೆ. ಅಜ್ಜಂದಿರ ಉಚ್ಚಾರ ಕೇಳಬೇಕೆಂದರೆ ಅವರು ಇಂಗ್ಲಿಷಿನ ಸ್ಕರ್ಟನ್ನೇ ಕೇಳಬೇಕು.

ಗೆನ್ಸರ್ ಎಂಬ ಪದ ಬಂದ ಮೇಲೆ ನಾರ್ವೆಯವರು ಅದಕ್ಕೆ ಏನೆಲ್ಲ ಮಾಡಿದರು ಎಂಬುದು ಹೆಣಿಗೆಯವರ ಕತೆ, ಬೇಗ ಹೇಳಿಬಿಡುತ್ತೇನೆ. ಅವರಲ್ಲಿ ಮೊದಲಿಂದ ಹೆಣಿಗೆ ಇತ್ತು. ದಕ್ಷಿಣದ ಸೆಟೆಸ್‌ಡಾಲ್ ಕಣಿವೆಯ ಕಪ್ಪು ಅಂಗಿಯ ಮೇಲೆ ಬಿಳಿ ಚುಕ್ಕಿಗಳಿರುತ್ತವೆ, ಅದಕ್ಕೆ ‘ಲುಸೆಕೊಫ್ತೆ’, ಅಂದರೆ ‘ಹೇನಿನ ಅಂಗಿ’ ಎಂದು ಹೆಸರು. ಚುಕ್ಕಿ ಹೇನಿನ ಹಾಗೆ ಕಾಣುತ್ತದಂತೆ. ಹಬ್ಬಕ್ಕೂ ಹಾಕಿಕೊಳ್ಳುವ ಬಟ್ಟೆಗೆ ಇಂಥ ಹೆಸರಿಡಲು ಧೈರ್ಯ ಬೇಕು. ಮೀನುಗಾರರ ಇನ್ನೊಂದು ಅಂಗಿಗೆ ‘ಇಸ್ಲೆಂಡರ್’ ಎನ್ನುತ್ತಾರೆ, ಐಸ್‌ಲ್ಯಾಂಡಿನವನು ಎಂದರ್ಥ. ನೋಡಿ, ಮತ್ತೊಂದು ದ್ವೀಪ. 1950ರ ದಶಕದಲ್ಲಿ ಉನ್ ಸೊಯ್ಲಾಂಡ್ ಎಂಬ ವಿನ್ಯಾಸಗಾರ್ತಿ ಆ ಸೆಟೆಸ್‌ಡಾಲ್ ಡಿಸೈನನ್ನು ಮುಂದಿಟ್ಟುಕೊಂಡು ನೀಲಿ, ಬಿಳಿ, ಕೆಂಪಿನಲ್ಲಿ ರೂಪಿಸಿದ್ದು ‘ಮಾರಿಯುಸ್ ಗೆನ್ಸರ್’. ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸಿದ್ದ ಸ್ಕೀ ಆಟಗಾರ ಮಾರಿಯುಸ್ ಎರಿಕ್ಸೆನ್ ಹೆಸರು ಅದಕ್ಕೆ. ಬಣ್ಣ ಮೂರೂ ಅವರ ಬಾವುಟದ್ದೇ. ಈಗ ನಾರ್ವೆಯ ಸ್ವೆಟರ್ ಎಂದರೆ ಹೊರಗಿನವರ ಕಣ್ಣಿಗೆ ಬರುವುದು ಹೆಚ್ಚಾಗಿ ಅದೇ.

ಬರಬರುತ್ತ ಗೆನ್ಸರ್ ಉಣ್ಣೆಯನ್ನೂ ಬಿಟ್ಟಿತು. ತಲೆಯ ಮೇಲಿಂದ ಎಳೆದು ಹಾಕಿಕೊಳ್ಳುವುದೆಲ್ಲ ಗೆನ್ಸರೇ. ಉಣ್ಣೆಯದೇ ಬೇಕೆಂದರೆ ‘ಉಲ್‌ಗೆನ್ಸರ್’ ಎನ್ನಬೇಕು. ನಮ್ಮ ಕಾಲೇಜು ಹುಡುಗರು ಹಾಕುವ ‘ಹುಡಿ’ ಎಂಬ ಅಂಗಿಗೆ ಅಲ್ಲಿ ‘ಹೆತ್ತೆಗೆನ್ಸರ್’. ಹೆತ್ತೆ ಎಂದರೆ ಟೊಪ್ಪಿಗೆ.

ಆ ಹುಡಿಯ ಜೊತೆಗೆ ಅಲ್ಲಿನ ಹುಡುಗರೂ ಹಾಕುವುದು ಜೀನ್ಸ್. ಅದಕ್ಕೆ ನಾರ್ವೆಯಲ್ಲಿ ಒಂದು ಹೆಸರು ‘ದೊಂಗೆರಿ ಬುಕ್ಸೆ’. ಬುಕ್ಸೆ ಎಂದರೆ ಪ್ಯಾಂಟು. ದೊಂಗೆರಿ? ಅದು ಇಂಗ್ಲಿಷಿನ ‘ಡಂಗರಿ’ಯಿಂದ ಬಂದದ್ದು. 17ನೇ ಶತಮಾನದಲ್ಲಿ ಇಂಗ್ಲಿಷ್ ವ್ಯಾಪಾರಿಗಳು ನಮ್ಮ ದೇಶದಿಂದ ಕೊಂಡೊಯ್ಯುತ್ತಿದ್ದ ಒರಟು ಹತ್ತಿ ಬಟ್ಟೆಯ ಹೆಸರು ಅದು. ಆ ಹೆಸರು ಮುಂಬಯಿಯ ಡೋಂಗ್ರಿಯದು. ಬೆಳಗಾವಿ ಕಡೆಯವರಿಗೆ ಹೇಳಬೇಕಿಲ್ಲ, ಮರಾಠಿಯಲ್ಲಿ ಡೋಂಗರ್ ಎಂದರೆ ಗುಡ್ಡ. ಅದನ್ನೂ ಮೊದಲು ಹೆಚ್ಚಾಗಿ ಹಾಕಿದವರು ಹಡಗಿನವರು, ಕೂಲಿಯವರು.

ಹಾಗಾಗಿ ಬೆರ್ಗೆನ್ ಊರಿನ ಮಳೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತ ಹುಡುಗನೊಬ್ಬನ ಸೊಂಟದ ಮೇಲೆ ವೈಕಿಂಗರು ಹೆಸರಿಟ್ಟ ಒಂದು ದ್ವೀಪ ಇದೆ, 65 ಚದರ ಕಿಲೋಮೀಟರಿನದು. ಸೊಂಟದ ಕೆಳಗೆ ಮುಂಬಯಿಯ ಒಂದು ಗುಡ್ಡ. ಅವನು ಮಾತ್ರ ಟೊಪ್ಪಿಗೆ ಎಳೆದುಕೊಂಡು ಫೋನು ನೋಡುತ್ತಿರುತ್ತಾನೆ.